ಹೊರಡುವ ಹಕ್ಕಿಗಳ ಲೆಕ್ಕ ಇಡುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಜಕ್ಕೂರು ಕೆರೆಯ ಹತ್ತಿರ ಇದೆ. ಎರಡು ಚಳಿಗಾಲಗಳಿಂದ ಬೆಳಗಿನ ನಡಿಗೆಯಲ್ಲಿ ಹಕ್ಕಿಗಳನ್ನು ಗಮನಿಸುತ್ತಿದ್ದೇನೆ. ಮಾರ್ಚ್ ಬಂತೆಂದರೆ ವಲಸೆ ಹಕ್ಕಿಗಳು ಬರುತ್ತವೆ, ವಸಂತ ಶುರುವಾಗುತ್ತದೆ ಎಂದು ಪುಸ್ತಕಗಳಲ್ಲೂ ವಿಡಿಯೊಗಳಲ್ಲೂ ಹೇಳುತ್ತಾರೆ. ನಮ್ಮ ಕೆರೆಯಲ್ಲಿ ಮಾತ್ರ ಮಾರ್ಚ್ ಹೊತ್ತಿಗೆ ಇದ್ದ ಬಾತುಗಳೂ ಕಾಣೆಯಾಗುತ್ತವೆ. ಕೋಗಿಲೆ ಕೂಗಲು ಆರಂಭಿಸಿದ ದಿನವನ್ನೇ ವಲಸೆಯ ಆರಂಭವೆಂದು ಬರೆದುಕೊಳ್ಳಬಹುದೇ? ವಸಂತ ವಲಸೆ ಶುರುವಾದದ್ದನ್ನು ನಮ್ಮಂಥ ಹವ್ಯಾಸಿಗಳು ಗುರುತಿಸುವುದು, ದಾಖಲಿಸುವುದು ಹೇಗೆ? ಹೋದ ಹಕ್ಕಿಗಳು ಮತ್ತೆ ಯಾವಾಗ ಬರುತ್ತವೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೋಗಿಲೆಯ ವಿಷಯ ಮೊದಲು ಮುಗಿಸಿಬಿಡೋಣ. ಅದು ಎಲ್ಲಿಂದಲೂ ಬಂದದ್ದಲ್ಲ. ಚಳಿಗಾಲವಿಡೀ ನಿಮ್ಮ ಬೀದಿಯ ಅರಳಿ, ಆಲ, ಬಸರಿ ಮರಗಳಲ್ಲಿ ಹಣ್ಣು ತಿನ್ನುತ್ತ ಬಾಯಿ ಮುಚ್ಚಿಕೊಂಡಿದ್ದ ಹಕ್ಕಿಯೇ ಮರಿಮಾಡುವ ಕಾಲ ಹತ್ತಿರವಾದಾಗ ದನಿ ತೆಗೆಯುತ್ತದೆ. ಕಾಗೆ ಗೂಡು ಕಟ್ಟುವ ಹೊತ್ತಿಗೆ ಅದೂ ಸಿದ್ಧವಾಗಬೇಕಲ್ಲ! ಆದ್ದರಿಂದ ಕೋಗಿಲೆಯ ಮೊದಲ ಕೂಗನ್ನು ಬರೆದುಕೊಳ್ಳಿ, ಆದರೆ ಬೇರೆ ಪುಟದಲ್ಲಿ. ಕುಟ್ರುಹಕ್ಕಿಯ ಎಡೆಬಿಡದ ಕೂಗೂ ಅದೇ ಪುಟಕ್ಕೆ ಸೇರಬೇಕು. ಅವು ವಸಂತದ ಗುರುತುಗಳು, ವಲಸೆಯವಲ್ಲ.

ನೀವು ಓದಿದ ಪುಸ್ತಕಗಳೂ ನೋಡಿದ ವಿಡಿಯೊಗಳೂ ಹೆಚ್ಚಾಗಿ ಯುರೋಪ್, ಅಮೆರಿಕಗಳವು. ಅಲ್ಲಿ ಹಿಮ ಕರಗುತ್ತದೆ, ಹುಳುಗಳು ಏಳುತ್ತವೆ, ದಕ್ಷಿಣಕ್ಕೆ ಹೋಗಿದ್ದ ಹಕ್ಕಿಗಳು ಮರಳುತ್ತವೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆ ಹಕ್ಕಿಗಳು ಚಳಿಗಾಲ ಕಳೆಯಲು ಬರುವ ‘ದಕ್ಷಿಣ’ ನಾವೇ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿದ್ದು, ಮರಿಮಾಡಲು ಹಿಮಾಲಯಕ್ಕೆ, ಮಧ್ಯ ಏಷ್ಯಾಕ್ಕೆ, ಸೈಬೀರಿಯಾಕ್ಕೆ ಅವು ಹೊರಡುವುದೇ ನಮ್ಮ ಪಾಲಿನ ವಸಂತ ವಲಸೆ. ಮಾರ್ಚ್‌ನಲ್ಲಿ ಬಾತುಗಳು ಕಾಣೆಯಾದವು ಎಂದು ಬೇಸರದಿಂದ ಬರೆದಿದ್ದೀರಿ. ನೀವು ಹುಡುಕುತ್ತಿದ್ದ ಘಟನೆ ಅದೇ. ಎರಡು ವರ್ಷವೂ ಅದನ್ನು ಕಣ್ಣಾರೆ ಕಂಡಿದ್ದೀರಿ.

ತೊಡಕಿರುವುದು ಇಲ್ಲಿ. ಬರುವ ಹಕ್ಕಿಯನ್ನು ದಾಖಲಿಸುವುದು ಸುಲಭ, ಹೋಗುವ ಹಕ್ಕಿಯನ್ನು ದಾಖಲಿಸುವುದು ಕಷ್ಟ. ಸೆಪ್ಟೆಂಬರ್‌ನಲ್ಲಿ ಒಂದು ಬೂದು ಸಿಪಿಲೆ ಕೆರೆಯ ಕೋಡಿಯ ಬಳಿ ಬಾಲ ಕುಣಿಸುತ್ತ ಕಾಣಿಸಿದರೆ ಆ ಕ್ಷಣಕ್ಕೇ ವಿಷಯ ಖಚಿತ: ಬಂದಿದೆ. ಏಪ್ರಿಲ್‌ನಲ್ಲಿ ಅದೇ ಸಿಪಿಲೆಯನ್ನು ನೋಡಿದಾಗ ಅದು ಈ ವರ್ಷದ ಕೊನೆಯ ನೋಟವೆಂದು ಯಾರಿಗೂ ತಿಳಿಯದು. ಅದು ತಿಳಿಯಬೇಕಾದರೆ ಮರುದಿನ, ಅದರ ಮರುದಿನ, ಮುಂದಿನ ವಾರವೂ ಅಲ್ಲಿಗೆ ಹೋಗಿ, ಹುಡುಕಿ, ಕಾಣದೆ ಹಿಂತಿರುಗಿರಬೇಕು. ಹಾಗೆ ಕಾಣದೆ ಬಂದದ್ದನ್ನು ಬರೆದೂ ಇಟ್ಟಿರಬೇಕು. ನಾನು ಈ ಉತ್ತರದಲ್ಲಿ ಹೇಳಬೇಕಾದದ್ದರ ತಿರುಳು ಇದು: ವಸಂತ ವಲಸೆಯನ್ನು ಹಿಂಬಾಲಿಸುವವರ ಪುಸ್ತಕದಲ್ಲಿ ‘ಹುಡುಕಿದೆ, ಇರಲಿಲ್ಲ’ ಎಂಬ ಸಾಲಿಗೆ ‘ನೋಡಿದೆ’ ಎಂಬ ಸಾಲಿನಷ್ಟೇ ಬೆಲೆ ಇದೆ. ನಮ್ಮಲ್ಲಿ ಕೊರತೆಯಾಗಿರುವುದು ಈ ಮೊದಲಿನ ಬಗೆಯ ಸಾಲುಗಳೇ.

ಹೊರಡುವ ಮುನ್ನ ಹಕ್ಕಿಗಳು ಸಿದ್ಧತೆ ಮಾಡಿಕೊಳ್ಳುತ್ತವೆ. ಅದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಹಾಗಾಗಿ ನಿಮ್ಮ ದಾಖಲೆ ಮಾರ್ಚ್‌ನಲ್ಲಿ ಆರಂಭವಾದರೆ ತಡವಾದಂತೆ. ‘ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿತು’ ಎನ್ನುವ ಹೊತ್ತಿಗಾಗಲೇ ಸಾಕಷ್ಟು ನಡೆದುಹೋಗಿರುತ್ತದೆ. ಫೆಬ್ರುವರಿ ಮೊದಲ ವಾರದಿಂದಲೇ ಕೆರೆಯ ಗಾರ್ಗೆನಿ ಬಾತುಗಳನ್ನು ನೋಡಿ. ಅಕ್ಟೋಬರ್, ನವೆಂಬರ್‌ಗಳಲ್ಲಿ ಗಂಡು ಹೆಣ್ಣೆಲ್ಲ ಒಂದೇ ಮಾಸಲು ಕಂದು. ಈಗ ಗಂಡಿನ ಕಣ್ಣಿನ ಮೇಲೆ ಬಿಳಿಯ ಅಗಲ ಹುಬ್ಬು ಎದ್ದು ಕಾಣುತ್ತದೆ, ತಲೆಯ ಕಂದು ಗಾಢವಾಗಿರುತ್ತದೆ. ಕೆರೆಯಂಚಿನ ಹುಲ್ಲಿನಲ್ಲಿ ಓಡಾಡುವ ಹಳದಿ ಸಿಪಿಲೆಗಳಲ್ಲಿ ಬದಲಾವಣೆ ಇನ್ನೂ ಸ್ಪಷ್ಟ. ಡಿಸೆಂಬರ್‌ನಲ್ಲಿ ಬೂದು ಮಿಶ್ರಿತ ಮಂಕು ಹಳದಿಯಾಗಿದ್ದವು ಮಾರ್ಚ್ ಕೊನೆಗೆ ಹೊಟ್ಟೆಯೆಲ್ಲ ಅರಿಶಿನದ ಬಣ್ಣ ತಾಳುತ್ತವೆ. ಕೆಲವುಗಳ ತಲೆ ಬೂದು, ಕೆಲವುಗಳದು ಕಪ್ಪು. ಬೇರೆ ಬೇರೆ ನಾಡುಗಳಲ್ಲಿ ಮರಿಮಾಡುವ ಉಪಜಾತಿಗಳು ಒಂದೇ ಹುಲ್ಲಿನಲ್ಲಿ ಚಳಿಗಾಲ ಕಳೆದಿದ್ದವು ಎಂಬುದು ಆಗ ಗೊತ್ತಾಗುತ್ತದೆ. ಬೂದು ಸಿಪಿಲೆಯ ಗಂಡಿನ ಗಂಟಲು ನಿಧಾನವಾಗಿ ಕಪ್ಪಾಗುತ್ತದೆ. ನೀರಿನ ಮೇಲೆ ಹಾರಾಡುವ ಮೀಸೆ ರೀವಗಳ ಹೊಟ್ಟೆಯೂ ನೆತ್ತಿಯೂ ಕಪ್ಪೇರುತ್ತವೆ. ಹಕ್ಕಿ ಇನ್ನೂ ಇಲ್ಲೇ ಇದೆ, ಆದರೆ ಅದರ ಮೈ ಆಗಲೇ ಉತ್ತರದ ಕೆಲಸಕ್ಕೆ ತೊಡಗಿದೆ. ‘ಗರಿ ಬದಲಾಗುತ್ತಿದೆ’ ಎಂಬುದು ನಿಮ್ಮ ಪುಸ್ತಕದ ಮೊದಲ ಟಿಪ್ಪಣಿಯಾಗಲಿ.

ಇನ್ನು ಹೊಟ್ಟೆಯ ಮಾತು. ದೂರ ಹಾರುವ ಹಕ್ಕಿಗೆ ಕೊಬ್ಬೇ ಇಂಧನ. ಹೊರಡುವ ಮುನ್ನ ಕೆಲವು ವಾರ ಅವು ಎಡೆಬಿಡದೆ ತಿನ್ನುತ್ತವೆ. ಬೆಂಗಳೂರಿನಲ್ಲಿ ಇದನ್ನು ನೋಡಲು ಒಳ್ಳೆಯ ಜಾಗ ಹೂಬಿಟ್ಟ ಬೂರುಗ, ಮುತ್ತುಗ, ಹಾಲುವಾಣದ ಮರಗಳು. ಫೆಬ್ರುವರಿ, ಮಾರ್ಚ್‌ಗಳಲ್ಲಿ ಗುಲಾಬಿ ಕಬ್ಬಕ್ಕಿಗಳು ಹಿಂಡುಹಿಂಡಾಗಿ ಆ ಹೂಗಳ ಮಕರಂದಕ್ಕೆ ಮುಗಿಬೀಳುತ್ತವೆ, ಮುಖದ ತುಂಬ ಪರಾಗ ಮೆತ್ತಿಕೊಂಡಿರುತ್ತವೆ. ಹಣ್ಣುಬಿಟ್ಟ ಗೋಣಿಮರ ಸಿಕ್ಕರೂ ಸರಿಯೇ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮಿಡತೆಗಳು ಹೆಚ್ಚುವ ಕಾಲಕ್ಕೆ ಸರಿಯಾಗಿ ಮರಿಮಾಡುವ ಹಕ್ಕಿ ಇದು. ಇಲ್ಲಿನ ಮುತ್ತುಗದ ಹೂವಿಗೂ ಅಲ್ಲಿನ ಮಿಡತೆಗೂ ನಡುವೆ ಅದರ ಪ್ರಯಾಣವಿದೆ. ಮರದಲ್ಲಿ ಎಷ್ಟು ಹಕ್ಕಿಗಳಿವೆ ಎಂದು ವಾರಕ್ಕೊಮ್ಮೆ ಅಂದಾಜು ಬರೆಯಿರಿ. ಏಪ್ರಿಲ್‌ನಲ್ಲಿ ಆ ಅಂಕಿ ಹೇಗೆ ಇಳಿಯುತ್ತದೆಂದು ನೀವೇ ಕಾಣುವಿರಿ.

ಕಿವಿಗೆ ಸಿಗುವ ಗುರುತು ಗ್ರೀನಿಶ್ ವಾರ್ಬ್ಲರ್ ಎಂಬ ಹಸಿರು ಉಲಿಯಕ್ಕಿಯದು. ಬೆಂಗಳೂರಿನಲ್ಲಿ ಚಳಿಗಾಲ ಕಳೆಯುವ ಹಕ್ಕಿಗಳಲ್ಲಿ ನನ್ನ ಮೆಚ್ಚಿನದು ಇದೇ. ಇಡೀ ನಗರದಲ್ಲಿ ಇಷ್ಟು ಹರಡಿಕೊಂಡ, ಇಷ್ಟು ಕಡಿಮೆ ಜನರಿಗೆ ಗೊತ್ತಿರುವ ವಲಸೆ ಹಕ್ಕಿ ಇನ್ನೊಂದಿಲ್ಲ. ಗುಬ್ಬಿಗಿಂತ ಚಿಕ್ಕದು, ಎಲೆಯ ಬಣ್ಣ, ರೆಕ್ಕೆಯ ಮೇಲೆ ತೆಳುವಾದ ಒಂದು ಬಿಳಿ ಗೆರೆ. ಲಾಲ್‌ಬಾಗ್, ಕಬ್ಬನ್ ಉದ್ಯಾನಗಳಿರಲಿ, ಮಲ್ಲೇಶ್ವರದ ಒಂದು ಹೊಂಗೆಮರವಿರಲಿ, ‘ಚಿಸ್‌ವೀ, ಚಿಸ್‌ವೀ’ ಎಂಬ ಎರಡು ಸ್ವರದ ಚೂಪು ಕರೆ ಕೇಳಿಸಿದರೆ ಅದು ಅಲ್ಲಿದೆ. ಒಂದೊಂದು ಹಕ್ಕಿ ಕೆಲವು ಮರಗಳನ್ನು ತನ್ನದೆಂದು ಹಿಡಿದುಕೊಂಡು ಇಡೀ ಚಳಿಗಾಲ ಇನ್ನೊಂದನ್ನು ಒಳಗೆ ಬಿಡುವುದಿಲ್ಲ. ನಮ್ಮ ಕೆಲಸಕ್ಕೆ ಇದು ದೊಡ್ಡ ಅನುಕೂಲ. ಇಂದು ಒಂದು ಮರದಲ್ಲಿದ್ದ ಹಕ್ಕಿ ನಾಳೆಯೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಕೇಳಿಸಿಕೊಳ್ಳುವಂಥ ಸುದ್ದಿ. ಮಾರ್ಚ್, ಏಪ್ರಿಲ್‌ಗಳಲ್ಲಿ ಅದರ ಕರೆಯ ಜೊತೆಗೆ ಹಾಡಿನ ತುಣುಕುಗಳೂ ಹೆಚ್ಚುತ್ತವೆ. ನಿಮ್ಮ ಮನೆಯ ಸುತ್ತಲಿನ ಅಂಥ ಎರಡು ಮೂರು ಮರಗಳನ್ನು ಈಗಲೇ ಗುರುತಿಸಿಡಿ.

ಇಷ್ಟು ಬಿಸಿಲು, ಇಷ್ಟು ಹುಳು ಇಲ್ಲಿರುವಾಗ ಉತ್ತರದಲ್ಲಿ ಹಿಮ ಕರಗುವ ಸಮಯವಾಯಿತೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಹವಾಮಾನದ ಸುದ್ದಿ ಅದಕ್ಕೆ ಸಿಗುವುದಿಲ್ಲ, ಸಿಗುವುದು ಹಗಲಿನ ಉದ್ದ. ಕೆನಡಾದ ಎಡ್ಮಂಟನ್‌ನಲ್ಲಿ ವಿಲಿಯಂ ರೋವನ್ 1920ರ ದಶಕದಲ್ಲಿ ಜಂಕೊ ಎಂಬ ಸಣ್ಣ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲೇ ಇಟ್ಟು, ದೀಪ ಉರಿಸಿ ಹಗಲನ್ನು ಕೃತಕವಾಗಿ ಉದ್ದಮಾಡಿದರು. ಚಳಿ ಇದ್ದಂತೆಯೇ ಇದ್ದರೂ ಹಕ್ಕಿಗಳ ಒಳಗೆ ಮರಿಮಾಡುವ ಅಂಗಗಳು ಬೆಳೆದವು. ಆದರೆ ಬೆಂಗಳೂರಿನಲ್ಲಿ ಹಗಲಿನ ಏರಿಳಿತವೇ ಕಡಿಮೆ: ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 20 ನಿಮಿಷ, ಜೂನ್‌ನಲ್ಲಿ 13 ಗಂಟೆಗೆ ತುಸು ಕಡಿಮೆ. ಇಂಥ ಕಡೆ ಚಳಿಗಾಲ ಕಳೆಯುವ ಹಕ್ಕಿಗೆ ಒಳಗೊಂದು ವಾರ್ಷಿಕ ಗಡಿಯಾರವೂ ಬೇಕು. ಅದಿದೆ ಎಂದು ತೋರಿಸಿದವರು ಜರ್ಮನಿಯ ಎಬರ್‌ಹಾರ್ಡ್ ಗ್ವಿನರ್. ವಿಲೋ ವಾರ್ಬ್ಲರ್‌ಗಳನ್ನು ಹಗಲು ರಾತ್ರಿ ಸದಾ ಸಮನಾಗಿರುವ ಕೋಣೆಯಲ್ಲಿಟ್ಟರೂ ಅವು ಗರಿ ಉದುರಿಸುವ ಕಾಲಕ್ಕೆ ಗರಿ ಉದುರಿಸಿದವು, ವಲಸೆಯ ಕಾಲಕ್ಕೆ ರಾತ್ರಿಯೆಲ್ಲ ರೆಕ್ಕೆ ಬಡಿದವು. ನಿಮ್ಮ ಹೊಂಗೆಮರದ ಹಸಿರು ಉಲಿಯಕ್ಕಿ ಅದೇ ಕುಲದ್ದು.

ಈಗ ಹೊರಡುವ ಕ್ರಮ. ಮದುವೆ ಮನೆಯಿಂದ ನೆಂಟರು ಹೊರಡುವಂತೆ ಇವೂ ಒಂದೇ ದಿನ ಹೋಗುವುದಿಲ್ಲ. ಮೊದಲು ಬಾತುಗಳು. ಸೂಜಿಬಾಲದ ಬಾತು, ಅಗಲ ಕೊಕ್ಕಿನ ಶವೆಲರ್, ಗಾರ್ಗೆನಿಗಳ ಸಂಖ್ಯೆ ಫೆಬ್ರುವರಿ ಕೊನೆಯಿಂದ ಇಳಿಯತೊಡಗಿ ಮಾರ್ಚ್‌ನಲ್ಲಿ ಬಹುಪಾಲು ಖಾಲಿಯಾಗುತ್ತದೆ, ಕೆಲವು ಗಾರ್ಗೆನಿಗಳು ಏಪ್ರಿಲ್‌ವರೆಗೂ ಉಳಿಯುತ್ತವೆ. ಮೈಸೂರಿನ ಹತ್ತಿರದ ಹದಿನಾರು ಕೆರೆ, ಗದಗ ಜಿಲ್ಲೆಯ ಮಾಗಡಿ ಕೆರೆಗಳಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳೂ ಇದೇ ಹೊತ್ತಿಗೆ ಹಿಮಾಲಯದ ಆಚೆಗೆ ಹೊರಡುತ್ತವೆ. ಆ ದಾರಿಯಲ್ಲಿ ಅವು 7,000 ಮೀಟರ್‌ಗೂ ಮೇಲೆ ಹಾರಿದ್ದನ್ನು ಉಪಕರಣ ಕಟ್ಟಿ ಅಳೆದಿದ್ದಾರೆ. ಹೆಸರಘಟ್ಟದ ಹುಲ್ಲುಗಾವಲಿನ ಸೆಳೆವ ಎಂಬ ಬೇಟೆಹಕ್ಕಿಗಳು, ನಗರದ ಮೇಲೆ ಸುತ್ತುವ ಬೂಟೆಡ್ ಹದ್ದು ಮಾರ್ಚ್, ಏಪ್ರಿಲ್‌ಗಳಲ್ಲಿ ಕಡಿಮೆಯಾಗುತ್ತವೆ. ಬೂದು ಸಿಪಿಲೆ, ಕಾಡು ಸಿಪಿಲೆ, ರಾಜಹಕ್ಕಿ, ಹೊನ್ನಕ್ಕಿ, ಬೂದು ಕಾಜಾಣ, ಗುಲಾಬಿ ಕಬ್ಬಕ್ಕಿ ಇವೆಲ್ಲ ಏಪ್ರಿಲ್‌ನಲ್ಲಿ ಬೇರೆ ಬೇರೆ ವಾರಗಳಲ್ಲಿ ಮರೆಯಾಗುವವು. ತಂತಿಗಳ ಮೇಲೆ ಸಾಲುಗಟ್ಟುವ ಬಾರ್ನ್ ಸ್ವಾಲೋ ಕವಲುತೋಕೆಗಳು, ಕಂದು ಕಳಿಂಗ, ಗದ್ದೆಗೊರವಗಳು ಏಪ್ರಿಲ್ ಕೊನೆಯ ತನಕ ಇರುತ್ತವೆ. ಎಲ್ಲರಿಗಿಂತ ಹಿಂದೆ ಹಸಿರು ಉಲಿಯಕ್ಕಿ ಮತ್ತು ಪೊದೆಯೊಳಗಿಂದ ‘ಚಕ್, ಚಕ್’ ಎನ್ನುವ ಬ್ಲಿತ್ಸ್ ರೀಡ್ ವಾರ್ಬ್ಲರ್. ಇವೆರಡನ್ನು ಮೇ ಮೊದಲ ವಾರದಲ್ಲೂ ಕೇಳಬಹುದು.

ಹೀಗಾಗಿ ‘ವಸಂತ ವಲಸೆ ಶುರುವಾದ ದಿನ’ ಎಂಬ ಒಂದೇ ತಾರೀಖು ಇಡೀ ಬೆಂಗಳೂರಿಗೆ ಸಿಗುವುದಿಲ್ಲ. ಒಂದೊಂದು ಹಕ್ಕಿಗೂ ಒಂದೊಂದು ಆರಂಭ. ಎಲ್ಲವನ್ನೂ ಹಿಂಬಾಲಿಸಲು ಹೋಗಬೇಡಿ. ನಿಮ್ಮಲ್ಲಿ ನಿಶ್ಚಿತವಾಗಿ ಸಿಗುವ ಐದನ್ನು ಆರಿಸಿ. ಜಕ್ಕೂರಿನವರಿಗೆ ನನ್ನ ಸಲಹೆ: ಗಾರ್ಗೆನಿ, ಹಳದಿ ಸಿಪಿಲೆ, ಗುಲಾಬಿ ಕಬ್ಬಕ್ಕಿ, ಬ್ಲಿತ್ಸ್ ರೀಡ್ ವಾರ್ಬ್ಲರ್, ಹಸಿರು ಉಲಿಯಕ್ಕಿ. ಒಂದು ಬಾತು, ಒಂದು ಹುಲ್ಲಿನ ಹಕ್ಕಿ, ಒಂದು ಹಿಂಡಿನ ಹಕ್ಕಿ, ಒಂದು ಪೊದೆಯದು, ಒಂದು ಮರದ್ದು. ಫೆಬ್ರುವರಿಯಿಂದ ಮೇವರೆಗಿನ ಇಡೀ ಕಾಲ ಈ ಐದರಲ್ಲೇ ಬಂದುಬಿಡುತ್ತದೆ.

ದಾಖಲೆಯ ವಿಧಾನ ಸರಳ, ಆದರೆ ಶಿಸ್ತು ಬೇಕು. ಒಂದೇ ದಾರಿ, ಒಂದೇ ಹೊತ್ತು, ಒಂದೇ ಅವಧಿ. ಸೂರ್ಯೋದಯದ ನಂತರದ ಅರ್ಧ ಗಂಟೆ ಸಾಕು, ಆದರೆ ವಾರಕ್ಕೆ ಮೂರು ನಾಲ್ಕು ದಿನವಾದರೂ ಇರಲಿ. ಕಂಡ, ಕೇಳಿದ ಎಲ್ಲ ಜಾತಿಗಳನ್ನೂ ಬರೆಯಿರಿ, ವಲಸೆಯವನ್ನು ಮಾತ್ರವಲ್ಲ. ಎಲ್ಲವನ್ನೂ ಬರೆದ ಪಟ್ಟಿಯಲ್ಲಿ ಒಂದು ಹೆಸರಿಲ್ಲ ಎಂದರೆ ಅದು ಕಾಣಲಿಲ್ಲ ಎಂದೇ ಅರ್ಥ. ಆರಿಸಿ ಬರೆದ ಪಟ್ಟಿಯಿಂದ ಆ ಅರ್ಥ ಹೊರಡುವುದಿಲ್ಲ. ಸಂಖ್ಯೆ ಹಾಕಿ, ಸುಮಾರಾಗಿಯಾದರೂ ಸರಿ. ನಿಮ್ಮ ಐದು ಹಕ್ಕಿಗಳಿಗೆ ಪ್ರತ್ಯೇಕ ಸಾಲು ಇಟ್ಟು, ಕಾಣದ ದಿನ ಸೊನ್ನೆ ಬರೆಯಿರಿ. ಒಂದು ಮಾದರಿ ಕೊಡುತ್ತೇನೆ: ‘ಏಪ್ರಿಲ್ 18, ಬೆಳಿಗ್ಗೆ 6.30ರಿಂದ 7. ಮೋಡ, ಹಿಂದಿನ ರಾತ್ರಿ ಗುಡುಗು ಮಳೆ. ಗಾರ್ಗೆನಿ 0. ಹಳದಿ ಸಿಪಿಲೆ 2, ಹೊಟ್ಟೆ ಕಡು ಹಳದಿ. ಗುಲಾಬಿ ಕಬ್ಬಕ್ಕಿ 0. ಪೊದೆಯಲ್ಲಿ ಚಕ್ ಕರೆ 1. ಹಸಿರು ಉಲಿಯಕ್ಕಿ 3, ಒಂದು ಹಾಡುತ್ತಿತ್ತು.’ ಇಷ್ಟೇ ಸಾಕು. ತಾರೀಖನ್ನು ಇಸವಿಯೊಂದಿಗೆ ಬರೆಯಿರಿ. ‘ಯುಗಾದಿಯ ಮರುದಿನ’ ಎಂಬಂಥ ಗುರುತು ಬೇಡ, ಏಕೆಂದರೆ ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂದರೆ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು. ಹಕ್ಕಿ ನಡೆಯುವುದು ಸೌರಮಾನದಲ್ಲಿ.

ಬರೆದದ್ದನ್ನು ಪಕ್ಷಿವೀಕ್ಷಕರ ಪಟ್ಟಿಗಳನ್ನು ಕೂಡಿಡುವ ಇ-ಬರ್ಡ್ ಎಂಬ ಜಾಲತಾಣಕ್ಕೆ ಸೇರಿಸಿ. ಉಚಿತ, ಮೊಬೈಲ್‌ನಿಂದಲೇ ಆಗುತ್ತದೆ. ಅದರಲ್ಲಿ ಜಿಲ್ಲೆಯ ಹೆಸರು ಕೊಟ್ಟರೆ ಪ್ರತಿ ತಿಂಗಳನ್ನು ನಾಲ್ಕು ಭಾಗ ಮಾಡಿ, ಪ್ರತಿ ಹಕ್ಕಿ ಎಷ್ಟು ಪಟ್ಟಿಗಳಲ್ಲಿ ಸಿಕ್ಕಿದೆ ಎಂಬುದನ್ನು ಗೆರೆಯ ದಪ್ಪದಲ್ಲಿ ತೋರಿಸುವ ಚಿತ್ರವೊಂದು ಸಿಗುತ್ತದೆ. ಹಸಿರು ಉಲಿಯಕ್ಕಿಯ ಎದುರಿನ ದಪ್ಪ ಗೆರೆ ಏಪ್ರಿಲ್‌ನಲ್ಲಿ ಸಣಕಲಾಗಿ ಮೇಯಲ್ಲಿ ಅಳಿಯುವುದನ್ನು ನೋಡಿ. ನಿಮ್ಮ ಲೆಕ್ಕವನ್ನೂ ಹೀಗೆಯೇ ಓದಬೇಕು. ‘ಕೊನೆಯದಾಗಿ ಕಂಡ ದಿನ’ ಎಂಬುದು ಆಕರ್ಷಕವಾದರೂ ಬಹಳ ದುರ್ಬಲ ಅಳತೆ. ಗಾಯಗೊಂಡ ಅಥವಾ ಬಡಕಲಾದ ಒಂದೇ ಹಕ್ಕಿ ಹಿಂದುಳಿದರೂ ತಾರೀಖು ಎರಡು ವಾರ ಮುಂದೆ ಹೋಗಿಬಿಡುತ್ತದೆ. ಅದಕ್ಕಿಂತ ಗಟ್ಟಿಯಾದದ್ದು, ವಾರದ ಭೇಟಿಗಳಲ್ಲಿ ಎಷ್ಟು ಭೇಟಿಗಳಲ್ಲಿ ಆ ಹಕ್ಕಿ ಸಿಕ್ಕಿತು ಎಂಬ ಲೆಕ್ಕ. ಫೆಬ್ರುವರಿಯಲ್ಲಿ ನಾಲ್ಕಕ್ಕೆ ನಾಲ್ಕು ಸಿಗುತ್ತಿದ್ದದ್ದು ನಾಲ್ಕಕ್ಕೆ ಎರಡಕ್ಕೆ ಇಳಿದ ವಾರವನ್ನು ಗುರುತು ಮಾಡಿಕೊಳ್ಳಿ. ಹಿಂಡಿನ ಹಕ್ಕಿಗಳಿಗೆ ಸಂಖ್ಯೆ ಅರ್ಧವಾದ ವಾರ. ವರ್ಷದಿಂದ ವರ್ಷಕ್ಕೆ ಹೋಲಿಸಲು ಯೋಗ್ಯವಾದ ದಿನಾಂಕ ಅದು. ಇಳಿಕೆ ಮೊದಲು ಕಂಡ ವಾರವನ್ನೇ ವಲಸೆಯ ಆರಂಭವೆಂದು ನಾನು ಪರಿಗಣಿಸುತ್ತೇನೆ.

ಆದರೆ ಇಳಿಕೆಯೆಲ್ಲ ವಲಸೆಯಲ್ಲ, ಎಚ್ಚರ ಬೇಕಾದದ್ದು ಇಲ್ಲೇ. ಕೆರೆ ಬತ್ತಿದರೆ ಬಾತುಗಳು ಪಕ್ಕದ ಕೆರೆಗೆ ಹೋಗುತ್ತವೆ, ಅದನ್ನು ಸೈಬೀರಿಯಾ ಪ್ರಯಾಣವೆಂದು ಬರೆದರೆ ತಪ್ಪಾಗುತ್ತದೆ. ಈ ವಿಷಯದಲ್ಲಿ ನೀವು ಅದೃಷ್ಟವಂತರು. ಜಕ್ಕೂರು ಕೆರೆಗೆ ಸಂಸ್ಕರಿಸಿದ ನೀರು ಹರಿದುಬರುವುದರಿಂದ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ಅಲ್ಲಿ ಸ್ಥಳೀಯ ಚುಕ್ಕೆಕೊಕ್ಕಿನ ಬಾತುಗಳು ಇದ್ದಷ್ಟೇ ಇದ್ದು ಗಾರ್ಗೆನಿ ಮಾತ್ರ ಕಡಿಮೆಯಾದರೆ ಸಂಶಯಕ್ಕೆ ಜಾಗವಿಲ್ಲ. ಈ ಹೋಲಿಕೆಯನ್ನು ಉಳಿದೆಡೆಯೂ ಬಳಸಿ. ಪ್ರತಿ ವಲಸೆ ಹಕ್ಕಿಗೂ ಅದರಂತೆಯೇ ಬದುಕುವ ಸ್ಥಳೀಯ ಹಕ್ಕಿಯೊಂದನ್ನು ಜೊತೆ ಮಾಡಿ. ಉಲಿಯಕ್ಕಿಯ ಪಕ್ಕಕ್ಕೆ ಸಿಂಪಿಗ, ಹಳದಿ ಸಿಪಿಲೆಯ ಪಕ್ಕಕ್ಕೆ ನಮ್ಮದೇ ಕಪ್ಪು ಬಿಳುಪು ಸಿಪಿಲೆ. ಎರಡೂ ಒಟ್ಟಿಗೆ ಕಡಿಮೆಯಾಗಿದ್ದರೆ ಬದಲಾಗಿದ್ದು ನಿಮ್ಮ ನೋಟ ಅಥವಾ ಜಾಗ. ಒಂದು ಮಾತ್ರ ಕಡಿಮೆಯಾದರೆ ಹಕ್ಕಿ ಹೊರಟಿದೆ. ಇನ್ನೊಂದು ಅಡ್ಡಿ ಮರಗಳದ್ದು. ಹೊಂಗೆ, ಅರಳಿಗಳು ಮಾರ್ಚ್, ಏಪ್ರಿಲ್‌ಗಳಲ್ಲಿ ಹೊಸ ಎಲೆ ತುಂಬಿಕೊಂಡಾಗ ಎಲೆಬಣ್ಣದ ಉಲಿಯಕ್ಕಿ ಕಣ್ಣಿಗೆ ಬೀಳುವುದೇ ಇಲ್ಲ, ಕಿವಿಯನ್ನೇ ನಂಬಬೇಕು. ಮರ್ಲಿನ್‌ನಂಥ ಆ್ಯಪ್ ಕರೆಯನ್ನು ಗುರುತಿಸಲು ಸಹಾಯ ಮಾಡುತ್ತದೆ, ಆದರೆ ಅದು ಹೇಳಿದ ಹೆಸರನ್ನು ನಿಮ್ಮ ಕಿವಿ ಒಪ್ಪದೆ ದಾಖಲಿಸಬೇಡಿ.

ಎಲ್ಲಕ್ಕಿಂತ ದೊಡ್ಡ ದೋಷ ನಮ್ಮ ಅಭ್ಯಾಸದಲ್ಲಿದೆ. ಫೆಬ್ರುವರಿ ಮಧ್ಯದಲ್ಲಿ ನಾಲ್ಕು ದಿನಗಳ ಜಾಗತಿಕ ಪಕ್ಷಿ ಗಣತಿ ನಡೆಯುತ್ತದೆ, ಕಾಲೇಜುಗಳ ಆವರಣಗಳಲ್ಲೂ ಆಗ ಗಣತಿ ಇರುತ್ತದೆ, ಪಟ್ಟಿಗಳ ಪ್ರವಾಹವೇ ಹರಿಯುತ್ತದೆ. ಏಪ್ರಿಲ್ ಬಂದರೆ ಬಿಸಿಲು, ಪರೀಕ್ಷೆ, ಬೇಸಿಗೆ ರಜೆ. ಕ್ಯಾಮೆರಾ ಹಿಡಿದವರು ಘಟ್ಟಕ್ಕೋ ಹಿಮಾಲಯಕ್ಕೋ ಹೋಗಿರುತ್ತಾರೆ. ಹಕ್ಕಿಗಳು ಹೊರಡುವ ಹೊತ್ತಿಗೇ ನೋಡುವವರೂ ಜಾಗ ಖಾಲಿಮಾಡುತ್ತಾರೆ! ಹೀಗಾದಾಗ ಹಕ್ಕಿ ನಿಜಕ್ಕೂ ಹೋದದ್ದಕ್ಕಿಂತ ಮೊದಲೇ ಹೋಯಿತೆಂದು ದಾಖಲೆ ಹೇಳತೊಡಗುತ್ತದೆ. ಏಪ್ರಿಲ್ 15ರಿಂದ ಮೇ 10ರವರೆಗೆ ಬೆಂಗಳೂರಿನ ಒಂದು ಸಾಧಾರಣ ಕೆರೆಯಂಚಿನಲ್ಲಿ, ಒಂದು ಸಾಧಾರಣ ಬಡಾವಣೆಯ ಉದ್ಯಾನದಲ್ಲಿ ಬರೆದ ಪಟ್ಟಿ ಫೆಬ್ರುವರಿಯ ಹತ್ತು ಪಟ್ಟಿಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಊರಲ್ಲೇ ಉಳಿಯುವ ನಿಮ್ಮಂಥವರಿಂದ ನಾನು ಮುಖ್ಯವಾಗಿ ಬೇಡುವುದು ಈ ಮೂರೂವರೆ ವಾರಗಳನ್ನು.

ಆ ವಾರಗಳಲ್ಲಿ ಇನ್ನೊಂದು ಬಗೆಯ ಹಕ್ಕಿಗಳೂ ಸಿಗುತ್ತವೆ: ಇಲ್ಲಿ ಇರದೆ, ಇನ್ನೂ ದಕ್ಷಿಣದಿಂದ ಬಂದು ಇಲ್ಲಿ ಇಳಿದು ಮುಂದೆ ಸಾಗುವವು. ಅವುಗಳಲ್ಲಿ ಚೆಲುವಾದದ್ದು ನವರಂಗ. ತಮಿಳುನಾಡು, ಶ್ರೀಲಂಕಾಗಳಲ್ಲಿ ಚಳಿಗಾಲ ಕಳೆದು ಮಧ್ಯ ಭಾರತ, ಹಿಮಾಲಯದ ತಪ್ಪಲುಗಳತ್ತ ಹೋಗುವಾಗ ಏಪ್ರಿಲ್ ಕೊನೆ, ಮೇ ಮೊದಲ ಭಾಗದಲ್ಲಿ ನಮ್ಮ ಉದ್ಯಾನಗಳ ತರಗೆಲೆಯ ನಡುವೆ ಒಂದೆರಡು ದಿನ ತಂಗುತ್ತದೆ. ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಸಿಳ್ಳು ಹಾಕುತ್ತದೆ. ತಮಿಳಿನಲ್ಲಿ ಅದಕ್ಕೆ ಆರು ಗಂಟೆಯ ಹಕ್ಕಿ ಎಂಬರ್ಥದ ಹೆಸರೇ ಇದೆ. ನಂದಿ ಬೆಟ್ಟದ ತೋಪುಗಳಲ್ಲಿ ಇಂಥ ದಾರಿಹೋಕರನ್ನು ಹುಡುಕುವುದು ಇನ್ನೂ ಫಲಕಾರಿ. ಸಣ್ಣ ಹಕ್ಕಿಗಳಲ್ಲಿ ಬಹುಪಾಲು ಪ್ರಯಾಣಿಸುವುದು ರಾತ್ರಿ. ಅಮೆರಿಕದಲ್ಲಿ ಹವಾಮಾನದ ರೇಡಾರ್ ನೋಡಿ ಇಂದು ರಾತ್ರಿ ಎಷ್ಟು ಹಕ್ಕಿಗಳು ಹಾರುತ್ತಿವೆ ಎಂದು ಅಂದಾಜಿಸುವ ಬರ್ಡ್‌ಕಾಸ್ಟ್ ಎಂಬ ವ್ಯವಸ್ಥೆ ಇದೆ. ನಮಗೆ ಸಿಗುವ ಸುಳಿವು ಮಳೆ. ಅಶ್ವಿನಿ, ಭರಣಿ ಮಳೆಗಳ ಗುಡುಗಿಗೆ ಸಿಕ್ಕ ಹಕ್ಕಿಗಳು ಸಿಕ್ಕಿದಲ್ಲಿ ಇಳಿಯುತ್ತವೆ. ಹಾಗಾಗಿ ರಾತ್ರಿ ಗುಡುಗು ಮಳೆಯಾದರೆ ಮರುದಿನದ ಬೆಳಗನ್ನು ತಪ್ಪಿಸಿಕೊಳ್ಳಬೇಡಿ. ಆ ವಾರಗಳಲ್ಲಿ ಮಹಡಿಯ ಅನಗತ್ಯ ದೀಪಗಳನ್ನು ಆರಿಸಿಡಿ, ಬೆಳಕಿಗೆ ದಿಕ್ಕುಗೆಟ್ಟು ಹಕ್ಕಿಗಳು ಗಾಜಿಗೆ ಬಡಿಯುತ್ತವೆ. ಬಡಿದು ಬಿದ್ದ ನವರಂಗ ಸಿಕ್ಕರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಹಾಕಬೇಡಿ. ಚೇತರಿಸಿಕೊಂಡರೆ ಮರಗಳಿರುವ ಕಡೆ ಬಿಡಿ, ಇಲ್ಲವಾದರೆ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ತಲುಪಿಸಿ.

ಇಷ್ಟೆಲ್ಲ ಬರೆದಿಡುವುದರಿಂದ ಏನಾಗುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೆದರ್ಲೆಂಡ್ಸ್‌ನ ಕ್ರಿಸ್ಟಿಯಾನ್ ಬೋತ್ ಮತ್ತು ಮಾರ್ಸೆಲ್ ವಿಸ್ಸರ್ 2001ರಲ್ಲಿ ಪ್ರಕ​ಟಿಸಿದ ಅಧ್ಯಯನ ಪಶ್ಚಿಮ ಆಫ್ರಿಕಾದಿಂದ ಅಲ್ಲಿಗೆ ಬರುವ ಪೈಡ್ ಫ್ಲೈಕ್ಯಾಚರ್ ಹಕ್ಕಿಯದು. ವಸಂತ ಬೇಗ ಬರತೊಡಗಿ ಕಂಬಳಿಹುಳುಗಳ ಕಾಲ ಮುಂಚೆಯೇ ಮುಗಿಯತೊಡಗಿತು. ಹಕ್ಕಿ ಬೇಗ ಮೊಟ್ಟೆ ಇಡಲು ನೋಡಿತು, ಆದರೆ ಬರುವ ದಿನ ಬದಲಾಗಲಿಲ್ಲ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಹಗಲಿನ ಉದ್ದ ನೋಡಿ ಹೊರಡುವ ಹಕ್ಕಿಗೆ ಈ ಬದಲಾವಣೆ ಗೊತ್ತಾಗುವುದು ಹೇಗೆ? ನಮ್ಮ ಉಲಿಯಕ್ಕಿಗಳಿಗೂ ಇದೇ ಪ್ರಶ್ನೆ ಎದುರಾಗಲಿದೆ. ಅವು ಹೊರಡುವ ದಿನ ಬದಲಾಗುತ್ತಿದೆಯೇ ಎಂದು ಸೈಬೀರಿಯಾದವರು ಹೇಳಲಾರರು, ಅವರಿಗೆ ಕಾಣುವುದು ತಲುಪಿದ ದಿನ. ಹೊರಟ ದಿನವನ್ನು ನಾವೇ ಬರೆಯಬೇಕು. ಈ ಕೆಲಸಕ್ಕೆ ಬೆಂಗಳೂರಿನಲ್ಲೇ ಹಳೆಯ ಬೇರುಗಳಿವೆ. ಜನಸಾಮಾನ್ಯರಿಂದ ವಲಸೆ ಹಕ್ಕಿಗಳ ದಾಖಲೆ ಪಡೆಯುವ ಮೈಗ್ರೆಂಟ್‌ವಾಚ್ ಯೋಜನೆ 2007ರಲ್ಲಿ ಶುರುವಾದದ್ದು ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ. ಉಪಗ್ರಹ ಟ್ಯಾಗ್‌ಗಳು ಬೆರಗು ಹುಟ್ಟಿಸುವ ಕಥೆಗಳನ್ನು ಕೊಟ್ಟಿವೆ, ನಿಜ. 2019ರಲ್ಲಿ ಮಂಗೋಲಿಯಾದಲ್ಲಿ ಟ್ಯಾಗ್ ತೊಟ್ಟ ಓನೊನ್ ಎಂಬ ಕುಕ್ಕೂ ಹಕ್ಕಿ ಆಫ್ರಿಕಾದ ಜಾಂಬಿಯಾದಲ್ಲಿ ಚಳಿಗಾಲ ಕಳೆದು, 2020ರ ವಸಂತದಲ್ಲಿ ಅರಬ್ಬೀ ಸಮುದ್ರ ದಾಟಿ ಭಾರತದ ಮೇಲಿಂದ ಮಂಗೋಲಿಯಾಕ್ಕೆ ಮರಳಿತು. ಆದರೆ ಹೊಂಗೆಮರದಲ್ಲಿ ಎಂಟು ಗ್ರಾಮಿನ ಆಸುಪಾಸಿನ ಹಕ್ಕಿಗೆ ಅಂಥ ಯಂತ್ರ ಕಟ್ಟಲಾಗದು. ಅದರ ದಿನಚರಿ ನಮ್ಮ ಕಿವಿ, ನಮ್ಮ ನೋಟುಪುಸ್ತಕಗಳಿಂದಲೇ ಬರಬೇಕು.

ಕೊನೆಯ ಪ್ರಶ್ನೆ, ಮರಳುವುದು ಯಾವಾಗ. ನೀವು ಅಂದುಕೊಂಡದ್ದಕ್ಕಿಂತ ಬೇಗ. ಗದ್ದೆಗೊರವಗಳು ಆಗಸ್ಟ್‌ನಲ್ಲೇ, ಕೆಲವು ಜುಲೈ ಕೊನೆಗೇ ಕೆರೆಯಂಚಿಗೆ ಬರುತ್ತವೆ. ಗುಲಾಬಿ ಕಬ್ಬಕ್ಕಿಯೂ ಬೇಗ ಮರಳುವ ಪೈಕಿ. ಬೂದು ಸಿಪಿಲೆ ಮತ್ತು ಹಸಿರು ಉಲಿಯಕ್ಕಿ ಸೆಪ್ಟೆಂಬರ್‌ನಲ್ಲಿ ಕಾಣಿಸಿಕೊಳ್ಳುತ್ತವೆ. ಬಾತುಗಳು ಅಕ್ಟೋಬರ್, ನವೆಂಬರ್‌ಗಳಲ್ಲಿ. ಮೇ ಮಧ್ಯದ ನಂತರ ವಾರಕ್ಕೊಂದು ಪಟ್ಟಿ ಸಾಕು, ಜುಲೈ ಕೊನೆಯಿಂದ ಮತ್ತೆ ಮೂರು ನಾಲ್ಕಕ್ಕೆ ಏರಿಸಿ. ಗುರುತು ಹಿಡಿಯುವಲ್ಲಿ ಗೊಂದಲವಾದರೆ ಲಾಲ್‌ಬಾಗಿನಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಪಕ್ಷಿವೀಕ್ಷಕರು ಸೇರುವ ಪರಿಪಾಠ ದಶಕಗಳಿಂದ ಇದೆ, ಹೊಸಬರನ್ನು ಪ್ರೀತಿಯಿಂದ ಸೇರಿಸಿಕೊಳ್ಳುತ್ತಾರೆ. ಬೈನಾಕ್ಯುಲರ್ ಇಲ್ಲದಿದ್ದರೂ ಹೋಗಿ, ಉಲಿಯಕ್ಕಿಯ ಕರೆಯನ್ನು ಬಲ್ಲವರ ಪಕ್ಕದಲ್ಲಿ ನಿಂತು ಒಮ್ಮೆ ಕೇಳಿಸಿಕೊಳ್ಳಿ. ಎರಡು ವರ್ಷಗಳಿಂದ ಬಾತುಗಳು ಯಾವ ವಾರ ಕಾಣೆಯಾದವು ಎಂಬ ಟಿಪ್ಪಣಿ ನಿಮ್ಮಲ್ಲಿದ್ದರೆ ಅದನ್ನೂ, ಅಂದಾಜಿನದಾದರೆ ಅಂದಾಜು ಎಂದು ನಮೂದಿಸಿ, ಹೊಸ ಪುಸ್ತಕದ ಮೊದಲ ಪುಟಕ್ಕೆ ಇಳಿಸಿಕೊಳ್ಳಿ.